ಕನ್ನಡನಾಡಿನ ದುಡಿಮೆಗಾರರಲ್ಲಿ ವಿಜ್ಞಾನಿಗಳ ಮತ್ತು ಇಂಜಿನಿಯರುಗಳ ಪಾಲು

1911ನೆಯ ಇಸವಿಯ ಖಾನೇಷುಮಾರಿಯಲ್ಲಿ ಭರತಖಂಡದ ಜನರ ವೃತ್ತಿಗಳನ್ನು ವಿಂಗಡಿಸುವುದಕ್ಕಾಗಿ ಬೆರ್ಟಿಯೋಂ ಎಂಬ ಫ್ರೆಂಚ್ ಸಂಖ್ಯಾಶಾಸ್ತ್ರಜ್ಞನು ರಚಿಸಿದ್ದ ಕ್ರಮವನ್ನು ಅನುಸರಿಸಿದರು. ಆ ಕ್ರಮದಲ್ಲಿ ಮನುಷ್ಯನು ಹೊಟ್ಟೆಪಾಡಿಗಾಗಿ ಮಾಡುವ ಸಮಸ್ತ ಕೆಲಸಗಳೂ 4 ವರ್ಗ, 12 ಉಪವರ್ಗ, 55 ಶ್ರೇಣಿ, 169 ಗಣಗಳಲ್ಲಿ ಅಡಕವಾಗಿದ್ದುವು. ಮೈಸೂರು ಸಂಸ್ಥಾನದ ಲೆಕ್ಕವೂ ಇದೇ ಚೌಕಟ್ಟಿನಲ್ಲಿ ಸಿದ್ಧವಾಯಿತು. ಅದರಲ್ಲಿ ಇಂಜಿನಿಯರನನ್ನು ಕಾಣಬೇಕೆಂದು ಹೊರಟವನು ಕಾರ್ಖಾನೆಗಳ ಶ್ರೇಣಿಯನ್ನಾಗಲಿ ಕಟ್ಟಡಗಳ ಶ್ರೇಣಿಯನ್ನಾಗಲಿ ಹುಡುಕಿ ಪ್ರಯೋಜನವಿಲ್ಲ. ಸಾಹಿತ್ಯ, ಕಲೆ ಮತ್ತು ವಿಜ್ಞಾನಗಳ ಶ್ರೇಣಿಗೆ ಹೋಗಬೇಕು. ಅಲ್ಲಿ ಕಟ್ಟಡದ ನಕ್ಷೆ ಬರೆಯುವವರು, ಭೂಮಾಪಕರು, ಇಂಜಿನಿಯರುಗಳು ಮತ್ತು ಅವರ ಕೈಕೆಳಗಿನ ನೌಕರರು ಒಂದು ಗಣವಾಗಿರುವರು. ಅದರ ನೆರೆಯ ಗಣದಲ್ಲಿ ಗ್ರಂಥಕರ್ತರು, ಪತ್ರಿಕಾಸಂಪಾದಕರು, ಚಿತ್ರಗಾರರು, ಖಗೋಳಶಾಸ್ತ್ರಜ್ಞರು, ಸಸ್ಯಶಾಸ್ತ್ರಜ್ಞರು ಮತ್ತು ಜೋಯಿಸರು ಒಟ್ಟಿಗೆ ಕುಳಿತಿರುವರು. ಅದರಾಚೆಗೆ ಹಾಡುವವರು, ವಾದ್ಯ ನುಡಿಸುವವರು, ನಟರು, ನರ್ತಕಿಯರು. ಗ್ರಹಣವನ್ನು ಗಣಿಸುವವನಿಗೂ ಜಾತಕವನ್ನು ನೋಡುವವನಿಗೂ ಒಂದೇ ಕೋಣೆಯನ್ನು ಕೊಟ್ಟದ್ದು ಈಗಿನವರಿಗೆ ನಗೆ ತರಿಸಬಹುದು; ಎರಡಕ್ಕೂ ಜ್ಯೋತಿಷವೆಂಬ ಒಂದೇ ಹೆಸರನ್ನು ಬಳಸಿಕೊಂಡು ಬಂದ ಪಂಡಿತರ ಮನೆಗಳಲ್ಲಿ ಅದು ಅಷ್ಟೇನೂ ವಿಚಿತ್ರವಾಗಿ ತೋರಲಾರದು.

ಈ ಶ್ರೇಣಿಯಲ್ಲಿಯೂ ಎಲ್ಲ ಇಂಜಿನಿಯರುಗಳು ಸಿಕ್ಕುವುದಿಲ್ಲ. ರಸ್ತೆಗಳನ್ನು ಕಟ್ಟುವ ಮತ್ತು ಕಾಪಾಡುವ ಕೆಲಸದವರು ಸಾಗಾಣಿಕೆಯ ಉಪವರ್ಗಕ್ಕೆ ಸೇರಿಹೋಗಿರುವರು. ಸರ್ಕಾರದ ನೌಕರರಿಗೆ ಆಡಳಿತದ ಉಪವರ್ಗವೊಂದು ಬೇರೆಯೇ ಇರುವುದು. ಆ ಕಾಲದಲ್ಲಿ ಮೈಸೂರಿನ ಜನರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮಿಕ್ಕವರು ಬೇಸಾಯವನ್ನು ನಂಬಿದ್ದವರು. ಉಳಿದವರಲ್ಲಿ ನೇಯುವವರು, ವ್ಯಾಪಾರ ಮಾಡುವವರು, ಗಣಿಯಲ್ಲಿ ಇಳಿಯುವವರು, ಕೂಲಿಗಾರರು ಇವರನ್ನೆಲ್ಲ ಕಳೆದ ಮೇಲೆ ಹಾಡುವವರನ್ನೂ ಕೂಡಿಸಿಕೊಂಡು ಉಳಿಯುವ ಈ ಶ್ರೇಣಿಯು ಸಾಗರದಲ್ಲಿ ಬಿಂದುವಿನಷ್ಟಾಗಿತ್ತು. ಆದುದರಿಂದ ಒಂದು ಸೀಮೆಯ ದುಡಿಯುವ ಜನದಲ್ಲಿ ವಿಜ್ಞಾನಿಗಳ ಮತ್ತು ಇಂಜಿನಿಯರುಗಳ ಪಾಲು ಎಷ್ಟು ಎಂದು ಕೇಳುವವರು ಯಾರನ್ನು ಆ ಹೆಸರಿನಿಂದ ಎಣಿಸಿದರು, ಯಾರನ್ನು ಎಣಿಸದೆ ಬಿಟ್ಟರು ಎಂಬುದನ್ನು ಮೊದಲು ವಿಚಾರಿಸಬೇಕು. ಕನ್ನಡನಾಡಿನ ಮಟ್ಟಿಗೆ ಈ ವಿಚಾರಣೆಯು ಖಾನೇಷುಮಾರಿಗಿಂತ ಬಹಳ ಹಿಂದಕ್ಕೆ ಹೋಗುವುದು.

ಬಿ. ಎಲ್. ರೈಸರವರು ಸಂಗ್ರಹಿಸಿದ ಕೋಲಾರ ಸೀಮೆಯ ಶಾಸನಗಳಲ್ಲಿ ಗೌರಿಬಿದನೂರು ತಾಲ್ಲೂಕಿಗೆ ಸೇರಿದ 1388ನೆಯ ಇಸವಿಯ ಶಾಸನವೊಂದಿದೆ. ವಿಜಯನಗರದ ರಾಜಕುಮಾರನಾದ ಪ್ರತಾಪಬುಕ್ಕರಾಯನು ಪೆನುಗೊಂಡೆಯಲ್ಲಿದ್ದುಕೊಂಡು ಹೆನ್ನೆಯ ಹೊಳೆಯನ್ನು, ಅರ್ಥಾತ್ ಉತ್ತರಪಿನಾಕಿನಿಯನ್ನು, ಆ ಪಟ್ಟಣಕ್ಕೆ ತರಬೇಕೆಂದು ಅಪ್ಪಣೆ ಮಾಡಿದನು. ಅಪ್ಪಣೆಯನ್ನು ಪಡೆದವನು ಜಲಸೂತ್ರವನ್ನು ಬಲ್ಲವನೂ ಹತ್ತು ವಿದ್ಯೆಗಳಲ್ಲಿ ಚಕ್ರವರ್ತಿಯೆನಿಸಿದವನೂ ಆದ ಸಿಂಗಾಯಭಟ್ಟನು. ಅವನು ಸಿರುವೆರದ ಕೆರೆಯವರೆಗೆ ಕಾಲುವೆಯನ್ನು ತಂದು, ಅದಕ್ಕೆ ಪ್ರಭುವಿನ ಹೆಸರನ್ನಿಟ್ಟು, ಕಲ್ಲಿನಲ್ಲಿ ಬರೆಯಿಸಿದನು. ಕೆಲಸವನ್ನು ಮಾಡಿಸಿದ ಅರಸನ ಹೆಸರು ಕಲ್ಲಿನಲ್ಲಿ ಉಳಿಯುವುದು ಸಾಮಾನ್ಯ. ಯೋಜನೆಯನ್ನು ಹಾಕಿದ ತಜ್ಞನ ಹೆಸರು ಉಳಿದಿರುವುದು ಅಪರೂಪ. ಇದಕ್ಕೆ ಹತ್ತೊಂಬತ್ತು ವರ್ಷಗಳಷ್ಟು ಮೊದಲು, 1369ರಲ್ಲಿ, ಅದೇ ರಾಜವಂಶದ ಭಾಸ್ಕರನು ಕಡಪ ಸೀಮೆಯ ಪೊರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ವರ್ಜಿಸಬೇಕಾದ ಆರು ದೋಷಗಳನ್ನೂ ಹೇಳುವುದು. ಧರ್ಮಿಷ್ಠನಾದ ಅರಸನು ಮೊದಲನೆಯ ಅಂಗ. ಪಾಥಶ್ಶಾಸ್ತ್ರವನ್ನು, ಎಂದರೆ ನೀರಿನ ಶಾಸ್ತ್ರವನ್ನು, ಓದಿದ ಬ್ರಾಹ್ಮಣನು ಎರಡನೆಯದು. ಬಳಿಕ ಗಟ್ಟಿಮಣ್ಣಿನ ನೆಲ, ಸಿಹಿನೀರಿನ ಹೊಳೆ, ಇತ್ಯಾದಿ. ದೋಷಗಳಲ್ಲಿ ಏರಿಯಿಂದ ನೀರು ಜಿನುಗುವುದು, ಚೌಳುನೆಲ, ನೀರು ಕೊಂಚವಾಗಿ ಗದ್ದೆ ಬಹಳವಾಗಿರುವುದು ಮುಂತಾದುವು ಎಣಿಸಲ್ಪಟ್ಟಿವೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದೂ ಒಂದು ದೋಷವೇ. ಕಾವೇರಿಯ ನೀರಿಗಾಗಿ ಮೈಸೂರು ಮದರಾಸುಗಳು 1892ರಲ್ಲಿಯೂ 1924ರಲ್ಲಿಯೂ ಒಪ್ಪಂದಗಳನ್ನು ಬರೆದುಕೊಳ್ಳಬೇಕಾಗಿ ಬಂದುದನ್ನೂ, ಬರೆದ ಮೇಲೂ ವ್ಯಾಜ್ಯವು ತೀರದುದನ್ನೂ ಬಲ್ಲವರು ಆ ಶಾಸನಕಾರನ ದೂರದೃಷ್ಟಿಯನ್ನು ಮೆಚ್ಚದಿರಲಾರರು.

ಆದರೆ ಇದೇ ಶಾಸನವು ಮತ್ತೊಂದು ಲೆಕ್ಕವನ್ನೂ ಕೊಡುವುದು. ಪೊರುಮಾಮಿಳ್ಳದ ಏರಿಯ ಮೇಲೆ ಎರಡು ವರ್ಷಗಳ ಕಾಲ ದಿನವೊಂದಕ್ಕೆ ಸಾವಿರ ಜನ ಆಳುಗಳೂ ನೂರು ಬಂಡಿಗಳೂ ದುಡಿದುವು. ಶಾಸ್ತ್ರ ಬಲ್ಲವನು ಒಬ್ಬ, ಆಳು ಸಾವಿರ. ಪ್ರಾಯಶಃ ಕನ್ನಡ ತೆಲುಗು ಸೀಮೆಗಳಲ್ಲಿ ನಮಗೆ ದೊರೆಯುವ ಇಂತಹ ಪ್ರಮಾಣಗಳಲ್ಲಿ ಅತಿ ಹಳೆಯವುಗಳ ಪೈಕಿ ಇದೂ ಒಂದು. ಈ ಸಾವಿರ ಜನರಿಗೆ ಏನೂ ತಿಳಿದಿರಲಿಲ್ಲವೆಂದು ಭಾವಿಸಬಾರದು. ಮಣ್ಣನ್ನು ಎಷ್ಟು ತೇವದಲ್ಲಿ ಹಾಕಿ ತುಳಿಸಬೇಕು, ಏರಿಯ ಒಳಮೈಗೆ ಕಲ್ಲುಗಳನ್ನು ಹೇಗೆ ಜೋಡಿಸಿದರೆ ಅಲೆಯ ಹೊಡೆತಕ್ಕೆ ಜಾರುವುದಿಲ್ಲ, ಕೋಡಿಯನ್ನು ಎಷ್ಟು ತಗ್ಗಿಸಿದರೆ ಏರಿಯು ಉಳಿಯುವುದು ಎಂಬ ವಿಷಯಗಳು ಒಡ್ಡರ ಮನೆಗಳಲ್ಲಿ ತಂದೆಯಿಂದ ಮಗನಿಗೆ ಬಂದ ವಿದ್ಯೆ. ಪಾಥಶ್ಶಾಸ್ತ್ರಕ್ಕೆ ಗ್ರಂಥವಿತ್ತು, ಇದಕ್ಕೆ ಗ್ರಂಥವಿರಲಿಲ್ಲ.

ಕಟ್ಟಿದ ಕೆರೆಯನ್ನು ಕಾಯ್ದು ನಡೆಸುವುದು ಬೇರೊಂದು ವಿದ್ಯೆ. ಅದು ನೀರುಗಂಟಿಯದು. ಗ್ರಾಮದ ಆಯಗಾರರಲ್ಲಿ ಇವನೂ ಒಬ್ಬನು. ತೂಬಿನ ಬಿರಡೆಯನ್ನು ಎತ್ತುವ ಇಳಿಸುವ ಅಧಿಕಾರವು ಇವನೊಬ್ಬನದೇ. ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ತಿರುಗಿ ಇಲಿ ಹೆಗ್ಗಣಗಳು ಕೊರೆದ ಬಿಲಗಳಿಂದ ನೀರು ಜಿನುಗುವುದೇ ಎಂದು ನೋಡುವುದು, ಜಿನುಗಿದರೆ ಊರನ್ನು ಎಬ್ಬಿಸುವುದು, ಕೆರೆಯಲ್ಲಿ ನಿಂತ ನೀರಿಗೆ ಎಷ್ಟು ಗದ್ದೆ ನಾಟಿಯಾಗಬಹುದೆಂದು ಹೇಳುವುದು, ಅಚ್ಚುಕಟ್ಟಿನ ಕೊನೆಯ ಗದ್ದೆಯವನಿಗೂ ಸರದಿಯಂತೆ ನೀರು ಮುಟ್ಟುವಂತೆ ಮಾಡುವುದು ಇವನ ಕೆಲಸ. ಸುಗ್ಗಿಯಲ್ಲಿ ಪ್ರತಿ ಗದ್ದೆಯಿಂದಲೂ ಬರುವ ಆಯವು ಇವನ ಸಂಬಳ. ಕೆಲವು ಕಡೆ ಇನಾಮು ಭೂಮಿಯೂ ಉಂಟು. ನೀರು ಸಾಲದ ವರ್ಷದಲ್ಲಿ ಎಲ್ಲರಿಗೂ ಅನ್ನವು ಬೇಕಾಗಿರುವಾಗ ಯಾರ ಮುಖವನ್ನೂ ನೋಡದೆ ನೀರನ್ನು ಹಂಚಬೇಕಾದವನು ಇವನು. ಅನೇಕ ಗ್ರಾಮಗಳಲ್ಲಿ ಇವನು ಇಂದು ಪರಿಶಿಷ್ಟ ಜಾತಿಗಳೆನಿಸಿದ ಕುಲಗಳಿಗೆ ಸೇರಿದವನಾಗಿದ್ದನೆಂಬುದನ್ನು ಗಮನಿಸಬೇಕು. ಮೈಸೂರು ಸೀಮೆಯಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಕೆರೆಗಳಿದ್ದುವೆಂಬುದನ್ನು ನೆನೆದರೆ, ನೀರಿನ ಕೆಲಸವನ್ನು ಬಲ್ಲ ಜನರ ಸಂಖ್ಯೆಯು ಹಿಂದೆ ಎಷ್ಟಿದ್ದಿರಬೇಕೆಂಬುದನ್ನು ಊಹಿಸಬಹುದು. ಮೇಜರ್ ಸ್ಯಾಂಕಿಯೇ, ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಕಾಲದಲ್ಲಿ, ಈ ಸೀಮೆಯಲ್ಲಿ ಹೊಸದಾಗಿ ಕೆರೆಯೊಂದನ್ನು ಕಟ್ಟುವುದಕ್ಕೆ ಸ್ಥಳವನ್ನು ಹುಡುಕಬೇಕಾದರೆ ಬಹಳ ಜಾಣ್ಮೆ ಬೇಕೆಂಬ ಅರ್ಥದ ಮಾತನ್ನು ಬರೆದಿರುವನು. ಇಂಗ್ಲಿಷ್ ಇಂಜಿನಿಯರನೊಬ್ಬನು ಹೆಸರಿಲ್ಲದ ಇಂಜಿನಿಯರುಗಳಿಗೆ ಕೊಟ್ಟ ಯೋಗ್ಯತಾಪತ್ರವಿದು.

ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿ, 1856ರಲ್ಲಿ, ಮೈಸೂರಿನಲ್ಲಿ ಮರಾಮತ್ತು ಇಲಾಖೆಯು ಹೊಸ ರೂಪದಲ್ಲಿ ಸ್ಥಾಪಿತವಾಯಿತು. ಅಂದಿನಿಂದ ಇಂಜಿನಿಯರೆಂಬುದು ವಿದ್ಯೆಯ ಹೆಸರಾಗಿ ಉಳಿಯದೆ ಹುದ್ದೆಯ ಹೆಸರಾಯಿತು. ಮೇಲೆ ಮುಖ್ಯ ಇಂಜಿನಿಯರು, ಆತನ ಕೆಳಗೆ ಎಕ್ಸಿಕ್ಯೂಟಿವ್ ಇಂಜಿನಿಯರು, ಅಸಿಸ್ಟೆಂಟು, ಓವರ್‌ಸಿಯರು, ಮೇಸ್ತ್ರಿ ಎಂಬ ಸೋಪಾನಪರಂಪರೆಯು ಹುಟ್ಟಿತು. ಇದರಿಂದ ಆದ ಉಪಕಾರವು ಸಣ್ಣದಲ್ಲ. ರಸ್ತೆಗಳೂ ಸೇತುವೆಗಳೂ ರೈಲುದಾರಿಗಳೂ ಸೀಮೆಯನ್ನು ಒಂದುಗೂಡಿಸಿದುವು. 1876-78ರ ಮಹಾಕ್ಷಾಮದಲ್ಲಿ ಸಂಸ್ಥಾನದ ಜನಸಂಖ್ಯೆಯು 50 ಲಕ್ಷದಿಂದ 42 ಲಕ್ಷದಷ್ಟಕ್ಕೆ ಇಳಿದುಹೋದ ಬಳಿಕ ನೀರಾವರಿಯನ್ನು ಗ್ರಾಮಗಳ ಪಾಡಿಗೆ ಬಿಟ್ಟುಬಿಡುವಂತೆಯೂ ಇರಲಿಲ್ಲ. ಆದರೆ ಹಿಂದೆ ಊರಿನಲ್ಲಿ ಕುಳಿತಿದ್ದ ವಿದ್ಯೆಯು ಈಗ ಕಛೇರಿಯಲ್ಲಿ ಕುಳಿತುಕೊಂಡಿತು. ಏರಿ ಒಡೆದರೆ ಅರ್ಜಿ ಬರೆದು ಕಾಯುವ ವಾಡಿಕೆಯು ಕ್ರಮೇಣ ಬಂದಿತು. ಕೆರೆಯಲ್ಲಿ ಹೂಳು ತುಂಬಿದ್ದಕ್ಕೆ ಕಾರಣವನ್ನು ಮಳೆಯ ಲೆಕ್ಕದಲ್ಲಿ ಮಾತ್ರ ಹುಡುಕುವವರು ಈ ಬದಲಾವಣೆಯನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು.

ಈ ಹುದ್ದೆಗಳಿಗೆ ಬೇಕಾದ ಶಿಕ್ಷಣವು ಆಗ ಹೊರಸೀಮೆಗಳಲ್ಲಿ ದೊರೆಯುತ್ತಿದ್ದಿತು. ರೂರ್ಕಿಯ ಕಾಲೇಜು 1847ರಲ್ಲಿಯೂ ಪೂನಾದ ಇಂಜಿನಿಯರಿಂಗ್ ಪಾಠಶಾಲೆಯು 1854ರಲ್ಲಿಯೂ ಆರಂಭವಾಗಿದ್ದುವು. ಮದರಾಸಿನ ಗಿಂಡಿಯ ಕಾಲೇಜಿನ ಮೂಲವು 1794ರ ಸರ್ವೇ ಶಾಲೆಯಷ್ಟು ಹಳೆಯದು. ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ. ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪೂನಾಕ್ಕೆ ಹೋಗಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೆಯವರಾಗಿ ತೇರ್ಗಡೆಯಾದರು. ಮಾರನೆಯ ವರ್ಷ ಅವರಿಗೆ ಕೆಲಸ ಸಿಕ್ಕಿದ್ದು ಬೊಂಬಾಯಿ ಸರ್ಕಾರದಲ್ಲಿ. ಅವರು ಮೈಸೂರಿಗೆ ಮುಖ್ಯ ಇಂಜಿನಿಯರಾಗಿ ಹಿಂದಿರುಗಿದ್ದು 1909ರಲ್ಲಿ. ಸಂಸ್ಥಾನದ ಹಣದಿಂದ ಕಲಿತ ವಿದ್ಯೆಯು ಕಾಲು ಶತಮಾನ ಹೊರಗೆ ಸೇವೆಮಾಡಿತು. ವಿದ್ಯಾವಂತನಿದ್ದರೆ ಸಾಲದು, ಅವನಿಗೆ ತಕ್ಕ ಕೆಲಸವು ಅವನ ಸೀಮೆಯಲ್ಲಿ ಇರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

ಕೆಲಸವು ಮೊದಲು ಬಂದ ಬಗೆಯನ್ನು ಶಿವನಸಮುದ್ರದಲ್ಲಿ ಕಾಣಬಹುದು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ತೆಗೆದು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸುವ ಯೋಜನೆಯು ಸಿದ್ಧವಾಯಿತು. ಮೇಜರ್ ದ ಲಾಟ್ಬಿನೇರ್ ಅದರ ಇಂಜಿನಿಯರು. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು ಮತ್ತು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯವು. 1902ರ ಜೂನಿನಲ್ಲಿ ಶಕ್ತಿಯು ಗಣಿಯನ್ನು ಮುಟ್ಟಿತು. ಯೋಜನೆಯನ್ನು ಹಿಡಿದು ನಿಂತ ದಿವಾನರು ಅದಕ್ಕೆ ಮುನ್ನವೇ, 1901ರಲ್ಲಿ, ಕಾಲವಾಗಿದ್ದರು. ಆಗ ಸಂಸ್ಥಾನದೊಳಗೆ ವಿದ್ಯುಚ್ಛಾಸ್ತ್ರವನ್ನು ಕಲಿಸುವ ಕಾಲೇಜು ಒಂದೂ ಇರಲಿಲ್ಲ. ತಂತಿಯು 1902ರಲ್ಲಿ ಬಂದಿತು, ಬೆಂಗಳೂರಿನ ಬೀದಿಗೆ ದೀಪವು 1905ರಲ್ಲಿ ಬಂದಿತು. ಟಾಟಾರವರ ಧನದಿಂದಲೂ ಮಹಾರಾಜರವರು ಕೊಟ್ಟ 371 ಎಕರೆ ಭೂಮಿಯಿಂದಲೂ 1909ರಲ್ಲಿ ಸ್ಥಾಪಿತವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ವಿದ್ಯಾರ್ಥಿಗಳನ್ನು ತೆಗೆದುಕೊಂಡಿದ್ದು 1911ರಲ್ಲಿ. ಅದರ ಮೊದಲ ಶಾಖೆಗಳಲ್ಲಿ ರಸಾಯನಶಾಸ್ತ್ರದೊಡನೆ ವಿದ್ಯುಚ್ಛಾಸ್ತ್ರವೂ ಇದ್ದುದು ಗಮನಾರ್ಹವಾದುದು. ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸವು 1911ರಲ್ಲಿ ಆರಂಭವಾಯಿತು, ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು 1917ರಲ್ಲಿ. ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯು 1940ರ ಡಿಸೆಂಬರಿನಲ್ಲಿ ಹುಟ್ಟಿತು. ಇನ್‌ಸ್ಟಿಟ್ಯೂಟಿನಲ್ಲಿ ವಿಮಾನಶಾಸ್ತ್ರದ ಶಾಖೆಯು 1942ರಲ್ಲಿ ತೆರೆಯಿತು. ಸಾಮಾನ್ಯವಾಗಿ ಜನರು ಕಾಲೇಜು ಇಂಜಿನಿಯರನನ್ನು ಸೃಷ್ಟಿಸುವುದು, ಇಂಜಿನಿಯರು ಕಾರ್ಖಾನೆಯನ್ನು ಸೃಷ್ಟಿಸುವನು ಎಂದು ತಿಳಿಯುವರು. ಮೈಸೂರಿನ ಚರಿತ್ರೆಯಲ್ಲಿ ಬಹುಮಟ್ಟಿಗೆ ನಡೆದುದು ಇದರ ವಿಪರ್ಯಯ.

ಇದಕ್ಕೆ ಅಪವಾದವೂ ಇಲ್ಲದಿಲ್ಲ. ಗಂಧದ ಮರಕ್ಕೆ ಪ್ರಸಿದ್ಧವಾದ ಮೈಸೂರು ಮೊದಲು ಮರವನ್ನು ಮಾರುತ್ತಿದ್ದಿತು. ಎಣ್ಣೆಯನ್ನು ಜರ್ಮನಿಯವರು ತೆಗೆಯುತ್ತಿದ್ದರು. 1914ರ ಮಹಾಯುದ್ಧದಿಂದ ಆ ದಾರಿ ಮುಚ್ಚಿತು. ಆಗ ಇನ್‌ಸ್ಟಿಟ್ಯೂಟಿನ ರಸಾಯನಶಾಸ್ತ್ರಜ್ಞರಾದ ಸಡ್ಬರೋ ಮತ್ತು ವಾಟ್ಸನ್ ಎಂಬವರು ಎಣ್ಣೆಯನ್ನು ಇಲ್ಲಿಯೇ ಬಟ್ಟಿಯಿಳಿಸುವ ಕ್ರಮವನ್ನು ಸಾಧಿಸಿಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಕಾರ್ಖಾನೆಗಳು ಎದ್ದುವು. ಆ ಎಣ್ಣೆಯಿಂದ ಸಾಬೂನನ್ನು ಮಾಡುವ ವಿದ್ಯೆಯನ್ನು ಎಸ್. ಜಿ. ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಕಲಿತು ಬಂದರು. ಗರಳಪುರಿಯ ಶಾಸ್ತ್ರಿಗಳ ಮನೆತನದವರು ಸಾಬೂನಿನ ಶಾಸ್ತ್ರಿಗಳೆಂದು ಹೆಸರಾದುದು ಆ ಕಾಲದ ವಿದ್ವಜ್ಜನರಲ್ಲಿ ಎಷ್ಟು ಮಾತಿಗೆ ಕಾರಣವಾಗಿರಬೇಕೋ! ಶಾಸ್ತ್ರವೆಂಬ ಶಬ್ದವು ಅವರಲ್ಲಿ ತನ್ನ ಹಳೆಯ ವಿಶಾಲವಾದ ಅರ್ಥವನ್ನು ಮರಳಿ ಪಡೆಯಿತೆನ್ನಬೇಕು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉರಿಯನ್ನು ಕಂಡಿತು. ಅದರ ಆರಂಭದ ನಷ್ಟಗಳು, ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ಅದನ್ನು ನಿಲ್ಲಿಸಿದ ಬಗೆ, ಇವೆಲ್ಲ ಬೇರೆಯಾಗಿ ಬರೆಯತಕ್ಕ ವಿಷಯ. ಪ್ರಕೃತಕ್ಕೆ ಬೇಕಾದುದು ಇಷ್ಟೇ: ಇಪ್ಪತ್ತು ವರ್ಷಗಳ ಅಂತರದಲ್ಲಿ ಮೈಸೂರಿನಲ್ಲಿ ಇಂಜಿನಿಯರೆಂಬವನು ಕೆರೆ ರಸ್ತೆಗಳನ್ನು ನೋಡಿಕೊಳ್ಳುವ ಸರ್ಕಾರಿ ನೌಕರನಷ್ಟೇ ಆಗಿ ಉಳಿಯದೆ ಲೋಹ, ಎಣ್ಣೆ, ವಿದ್ಯುತ್ತುಗಳ ಕೆಲಸಗಾರನೂ ಆದನು. ಅವನು ಹೊರಗಿನಿಂದ ಕಲಿತುದನ್ನು ಒಪ್ಪಿಸುವವನಾಗಿ ಮಾತ್ರ ಉಳಿಯಲಿಲ್ಲವೆಂಬುದಕ್ಕೆ ತುಮಕೂರು ಜಿಲ್ಲೆಯ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿದ ಅಣೆಕಟ್ಟು ಸಾಕ್ಷಿ. ಅಲ್ಲಿ ಹೆಚ್ಚಾದ ನೀರು, ಬಾಗಿಲನ್ನು ಎತ್ತುವವರಿಲ್ಲದೆಯೇ, ತಾನೇ ಎಳೆದುಕೊಂಡು ಹೊರಹೋಗುವಂತೆ ಮೈಸೂರಿನ ಇಂಜಿನಿಯರಾದ ವಿ. ಗಣೇಶ ಅಯ್ಯರವರು ಸುರುಳಿಯಾಕಾರದ ಸೈಫನ್ನುಗಳನ್ನು ಕಲ್ಪಿಸಿದರು. ಬಿರಡೆಯನ್ನು ಕಾಯುವ ನೀರುಗಂಟಿಯ ಎಚ್ಚರವನ್ನು ಕಟ್ಟಡಕ್ಕೇ ಕೊಟ್ಟಂತಾಯಿತು.

ಇಷ್ಟಾದರೂ ಈ ಹೊಸ ವೃತ್ತಿಯ ಬಾಗಿಲು ಬಹಳ ಕಿರಿದಾಗಿದ್ದಿತು. ಇಂಜಿನಿಯರಾಗುವುದಕ್ಕೆ ಇಂಗ್ಲಿಷು ಬೇಕು, ಗಣಿತ ಬೇಕು, ಪಟ್ಟಣದಲ್ಲಿ ಹತ್ತು ಹನ್ನೆರಡು ವರ್ಷ ಮಗನನ್ನು ಓದಿಸುವ ಅನುಕೂಲ ಬೇಕು. ಇದು ಯಾರಿಗೆ ಇದ್ದಿತೆಂಬುದು ಗುಟ್ಟಲ್ಲ. ಸಂಸ್ಥಾನದ ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಬ್ರಾಹ್ಮಣರು ಸರ್ಕಾರದ ದೊಡ್ಡ ಹುದ್ದೆಗಳಲ್ಲಿ ಬಹುಭಾಗವನ್ನು ಹೊಂದಿದ್ದರು. 1917ರಲ್ಲಿ ಪ್ರಜಾಮಿತ್ರಮಂಡಲಿಯು ಹುಟ್ಟಿತು. ಮರುವರ್ಷ ಅದರ ಮುಖಂಡರು ಮಹಾರಾಜರವರಿಗೆ ಬಿನ್ನವತ್ತಳೆಯನ್ನು ಒಪ್ಪಿಸಿದರು. ಮಹಾರಾಜರವರು ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗಾಗಿ ದೊಡ್ಡ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದೆಯೂ ಸಣ್ಣ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದೆಯೂ ಇತರ ಜನಾಂಗಗಳವರು ಇರಬೇಕೆಂದು 1919ರಲ್ಲಿ ಸಮಿತಿಯು ಸೂಚಿಸಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ನೀತಿಯು ಸಮ್ಮತವಾಗಿರಲಿಲ್ಲ. ಯೋಗ್ಯತೆಯೊಂದನ್ನೇ ನೋಡಬೇಕೆಂಬುದು ಅವರ ಮತ. ವರದಿಯು ಹೊರಬೀಳುವುದಕ್ಕೆ ಮೊದಲೇ, 1918ರಲ್ಲಿ, ಅವರು ಪದವಿಯನ್ನು ಬಿಟ್ಟಿದ್ದರು.

ಈ ವಿಷಯದಲ್ಲಿ ಪಕ್ಷಪಾತವಿಲ್ಲದೆ ಹೇಳಬೇಕಾದರೆ, ವಿಶ್ವೇಶ್ವರಯ್ಯನವರ ಮಾತು ಅಣೆಕಟ್ಟಿಗೆ ಸಂಬಂಧಿಸಿದಂತೆ ಸರಿ, ಸಮಾಜಕ್ಕೆ ಸಂಬಂಧಿಸಿದಂತೆ ಸಾಲದು. ಲೆಕ್ಕ ತಪ್ಪಿದ ಕಟ್ಟೆಯು ಯಾವ ಜನಾಂಗದವರು ಕಟ್ಟಿದರೂ ಒಡೆಯುವುದು, ನಿಜ. ಆದರೆ ಯೋಗ್ಯತೆಯೆಂಬುದು ಅಳೆಯುವ ದಿನದಲ್ಲಿ ಹುಟ್ಟುವುದಲ್ಲ. ಅದಕ್ಕೆ ಹಿಂದಿನ ಇಪ್ಪತ್ತು ವರ್ಷಗಳ ಅನ್ನವೂ ಶಾಲೆಯೂ ಬೇಕು. ಕನ್ನಂಬಾಡಿಯಲ್ಲಿ ಸುರ್ಕಿಗಾರೆಯನ್ನು ಅರೆದವರೂ, ಕಲ್ಲುಗಳನ್ನು ಒಡೆದು ಹೊತ್ತ ಗಂಡಸರು ಹೆಂಗಸರೂ ಸಾವಿರಾರು ಜನ. ನೀರು, ಮಣ್ಣು, ಕಲ್ಲುಗಳ ಗುಣವನ್ನು ತಲೆತಲಾಂತರದಿಂದ ಬಲ್ಲ ಕುಲಗಳವರು ಅವರಲ್ಲಿ ಇದ್ದರು. ಅವರ ಮಕ್ಕಳು ಆ ಕಟ್ಟೆಯ ನಕ್ಷೆಯನ್ನು ಓದುವ ಶಾಲೆಗೆ ಬರಲಾರದೆ ಹೋದರೆ ಯೋಗ್ಯತೆಯ ಹೆಸರಿನಲ್ಲಿ ಯೋಗ್ಯತೆಯೇ ನಷ್ಟವಾಯಿತೆನ್ನಬೇಕಾಗುವುದು. ಮಿಲ್ಲರ್ ಸಮಿತಿಯವರು ಹುದ್ದೆಗಳ ಪಾಲನ್ನು ಮಾತ್ರವಲ್ಲದೆ ವಿದ್ಯಾಭ್ಯಾಸದ ಸಹಾಯವನ್ನೂ ಕೇಳಿದುದು ಈ ದೃಷ್ಟಿಯಿಂದ ನ್ಯಾಯವಾದುದು.

ಹೆಂಗಸರಿಗೆ ಬಾಗಿಲು ಇನ್ನೂ ಕಿರಿದು. 1933ರಲ್ಲಿ ಇನ್‌ಸ್ಟಿಟ್ಯೂಟಿನ ಮೊದಲ ಭಾರತೀಯ ನಿರ್ದೇಶಕರಾಗಿ ಬಂದ ಸರ್ ಸಿ. ವಿ. ರಾಮನ್ನರು ಅದೇ ವರ್ಷ ಬೊಂಬಾಯಿಯ ಪದವೀಧರೆಯಾದ ಕಮಲಾ ಭಾಗವತರನ್ನು, ಮುಂದೆ ಕಮಲಾ ಸೊಹೊನಿಯೆಂದು ಪ್ರಸಿದ್ಧರಾದವರನ್ನು, ಹೆಂಗಸೆಂಬ ಕಾರಣದಿಂದ ಮೊದಲು ಸೇರಿಸಿಕೊಳ್ಳಲೊಲ್ಲದೆ ಬಳಿಕ ನಿಬಂಧನೆಗಳೊಡನೆ ಸೇರಿಸಿಕೊಂಡರು. ಆಕೆ 1939ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟನ್ನು ಪಡೆದರು. ನಂಜನಗೂಡಿನಲ್ಲಿ 1922ರಲ್ಲಿ ಜನಿಸಿದ ರಾಜೇಶ್ವರಿ ಚಟರ್ಜಿಯವರು ಸೆಂಟ್ರಲ್ ಕಾಲೇಜಿನಲ್ಲಿಯೂ ಇನ್‌ಸ್ಟಿಟ್ಯೂಟಿನಲ್ಲಿಯೂ ಕಲಿತು, ಅಮೆರಿಕದ ಮಿಷಿಗನ್ನಿನಲ್ಲಿ ಡಾಕ್ಟರೇಟನ್ನು ಸಂಪಾದಿಸಿ, 1953ರಲ್ಲಿ ಹಿಂದಿರುಗಿ ಇನ್‌ಸ್ಟಿಟ್ಯೂಟಿನಲ್ಲಿಯೇ ಅಧ್ಯಾಪಕರಾದರು. ಕನ್ನಡನಾಡಿನ ಮೊದಲ ಮಹಿಳಾ ಇಂಜಿನಿಯರೆಂದು ಅವರನ್ನು ಗಣಿಸುವರು. ಏರಿಗೆ ಮಣ್ಣು ಹೊರುವಾಗ ಹೆಂಗಸರೆಂದು ಯಾರನ್ನೂ ಹಿಂದಕ್ಕೆ ಕಳುಹಿಸಿದಂತೆ ಯಾವ ಶಾಸನದಲ್ಲಿಯೂ ಕಾಣುವುದಿಲ್ಲ.

ಸ್ವಾತಂತ್ರ್ಯಾನಂತರದ ಕಥೆಯು ವಾಚಕರಿಗೆ ಹೆಚ್ಚು ಪರಿಚಿತವಾದುದು. ಬೆಂಗಳೂರಿನಲ್ಲಿ ದೂರವಾಣಿಯ ಕಾರ್ಖಾನೆಯು 1948ರಲ್ಲಿ, ಹಿಂದೂಸ್ಥಾನ್ ಮೆಷಿನ್ ಟೂಲ್ಸ್ 1953ರಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಹುಟ್ಟಿದುವು. ಬಾಹ್ಯಾಕಾಶ ಸಂಸ್ಥೆಯ ಕೇಂದ್ರಕಛೇರಿಯು 1972ರಲ್ಲಿ ಬಂದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪನಿಯು ಗಣಕಯಂತ್ರದ ಕೆಲಸವನ್ನು ಇಲ್ಲಿ ಆರಂಭಿಸಿತು. ಮೊದಲಿನಿಂದ ಕಟ್ಟಿಕೊಂಡು ಬಂದ ಕಾರ್ಖಾನೆಗಳೂ ಪ್ರಯೋಗಶಾಲೆಗಳೂ ಇಲ್ಲದಿದ್ದರೆ ಈ ಕಡೆಯ ಅತಿಥಿಯು ಈ ಊರನ್ನೇ ಹುಡುಕಿಕೊಂಡು ಬರುತ್ತಿದ್ದಿತೇ ಎಂಬುದು ಸಂಶಯ.

ಆದರೆ ಇದೆಲ್ಲವೂ ಒಂದು ಊರಿನ ಕಥೆ. 1956ರಲ್ಲಿ ಕನ್ನಡನಾಡು ಒಂದಾದಾಗ ಮೈಸೂರಿನೊಡನೆ ಬೊಂಬಾಯಿ ಕರ್ನಾಟಕವೂ ಹೈದರಾಬಾದು ಕರ್ನಾಟಕವೂ ಕೂಡಿಕೊಂಡುವು. ಧಾರವಾಡ ಬಿಜಾಪುರಗಳ ಹುಡುಗನು ಇಂಜಿನಿಯರಾಗಬೇಕಾದರೆ ಬಹುಕಾಲ ಪೂನಾಕ್ಕೆ ಹೋಗಬೇಕಾಗಿದ್ದಿತು. ಹುಬ್ಬಳ್ಳಿಯಲ್ಲಿ ಕಾಲೇಜು ಆದದ್ದು 1947ರಲ್ಲಿ. ಕಲಬುರ್ಗಿಗೆ ಅದು ಬಂದದ್ದು 1958ರಲ್ಲಿ, ಬೆಂಗಳೂರಿನಲ್ಲಿ ಆದ ನಲವತ್ತೊಂದು ವರ್ಷಗಳ ಮೇಲೆ. ಈಗ ಕಾಲೇಜುಗಳಿಗೆ ಕೊರತೆಯಿಲ್ಲ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಸುಮಾರು ಇನ್ನೂರು ಕಾಲೇಜುಗಳು ಸೇರಿವೆ, ಜಿಲ್ಲೆಗೊಂದೆರಡಾದರೂ ಇವೆ. ಕಾಲೇಜು ಜಿಲ್ಲೆಗೆ ಬಂದಿತು, ಕೆಲಸವು ಬರಲಿಲ್ಲ. ಬೀದರಿನಲ್ಲಿಯೋ ರಾಯಚೂರಿನಲ್ಲಿಯೋ ಓದಿ ತೇರ್ಗಡೆಯಾದವನು ಮಾರನೆಯ ತಿಂಗಳು ಬೆಂಗಳೂರಿನ ಲೆಕ್ಕಕ್ಕೆ ಸೇರುವನು. ಪ್ರಾಂತಗಳ ತಾರತಮ್ಯವನ್ನು ವಿಚಾರಿಸಿದ ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ಹೇಳಿತು. ಕಲಬುರ್ಗಿಯ ಸೀಮೆಗಾಗಿ 2012ರಲ್ಲಿ ಸಂವಿಧಾನವನ್ನೇ ತಿದ್ದಬೇಕಾಯಿತು. ಮೈಸೂರಿನ ಹಳೆಯ ದಿವಾನರುಗಳು ಮೊದಲು ಕೆಲಸವನ್ನು ಹುಟ್ಟಿಸಿ ಬಳಿಕ ಶಾಲೆಯನ್ನು ತೆರೆದ ಕ್ರಮವು ಈ ಸೀಮೆಗಳಿಗೆ ಅನ್ವಯಿಸಲಿಲ್ಲ. ರಾಜ್ಯದ ಒಟ್ಟು ಪಾಲನ್ನು ಒಂದೇ ಅಂಕಿಯಲ್ಲಿ ಹೇಳುವವರು ಈ ತಾರತಮ್ಯವನ್ನು ಅದರೊಳಗೆ ಹುದುಗಿಸಿಬಿಡುವರು.

ಎಣಿಸುವ ಕ್ರಮವೂ ಬದಲಾಗುತ್ತಲೇ ಬಂದಿದೆ. 1961ರ ಜನಗಣತಿಯ ಹೊತ್ತಿಗೆ ವಾಸ್ತುಶಿಲ್ಪಿಗಳು, ಇಂಜಿನಿಯರುಗಳು, ಭೂಮಾಪಕರು ವೃತ್ತಿಗಳ ಪಟ್ಟಿಯಲ್ಲಿ ಮೊದಲನೆಯ ಗುಂಪಾದರು. ನರ್ತಕಿಯರ ನೆರೆಯು ತಪ್ಪಿತು. 2015ರ ರಾಷ್ಟ್ರೀಯ ವರ್ಗೀಕರಣದಲ್ಲಿ ವಿಜ್ಞಾನಿಗಳಿಗೂ ಇಂಜಿನಿಯರುಗಳಿಗೂ 21ನೆಯ ಸಂಖ್ಯೆ, ಗಣಕಯಂತ್ರದ ವೃತ್ತಿಯವರಿಗೆ 25ನೆಯ ಸಂಖ್ಯೆ, ಓವರ್‌ಸಿಯರು ಮೊದಲಾದ ಸಹಾಯಕರಿಗೆ 31ನೆಯ ಸಂಖ್ಯೆ. ಹೀಗಿರಲು 21ನ್ನು ಮಾತ್ರ ಹಿಡಿದರೆ ಕರ್ನಾಟಕದ ಪಾಲು ಒಂದಾಗುವುದು, 25ನ್ನು ಕೂಡಿಸಿದರೆ ಮತ್ತೊಂದಾಗುವುದು. ಇಂಜಿನಿಯರಿಂಗ್ ಓದಿ ಗಣಕಯಂತ್ರದ ಮುಂದೆ ಕುಳಿತ ಯುವಕನನ್ನು ಇಂಜಿನಿಯರನೆಂದು ಅವನ ತಾಯಿಯು ಹೇಳುವಳು, ವರ್ಗೀಕರಣವು ಹೇಳುವುದಿಲ್ಲ. ಬೆಂಗಳೂರಿನ ಕೀರ್ತಿಯು ಹೆಚ್ಚಾಗಿ ನಿಂತಿರುವುದು ಇಂತಹವರ ಮೇಲೆಯೇ ಆದುದರಿಂದ, ಯಾರು ಯಾವ ಸಂಖ್ಯೆಯನ್ನು ಕೂಡಿಸಿದರೆಂಬುದನ್ನು ನೋಡದೆ ಬೇರೆ ರಾಜ್ಯಗಳೊಡನೆ ಹೋಲಿಸಿ ಹಿಗ್ಗುವುದೂ ಕುಗ್ಗುವುದೂ ವ್ಯರ್ಥ.

ನೀರುಗಂಟಿಯ ವಿಷಯವೊಂದು ಉಳಿಯಿತು. 1961ರಲ್ಲಿ ರಚಿತವಾಗಿ 1963ರಿಂದ ಜಾರಿಗೆ ಬಂದ ಗ್ರಾಮಹುದ್ದೆಗಳ ರದ್ದಿಯಾತಿಯ ಕಾಯಿದೆಯಿಂದ ಪಟೇಲ ಶಾನುಭೋಗರೊಡನೆ ಅವನ ವಂಶಪಾರಂಪರ್ಯದ ಹುದ್ದೆಯೂ ಹೋಯಿತು. ಹುಟ್ಟಿನಿಂದ ಒಬ್ಬನನ್ನು ಒಂದು ಕೆಲಸಕ್ಕೆ ಕಟ್ಟಿಹಾಕುವುದು ತಪ್ಪಿದುದು ಯುಕ್ತವೇ. ಆದರೆ ಆ ಕೆಲಸವನ್ನು ಮಾಡುವವರು ಯಾರೆಂಬುದನ್ನು ಕಾಯಿದೆಯು ಹೇಳಲಿಲ್ಲ. ನಲವತ್ತು ವರ್ಷಗಳ ಬಳಿಕ, 2002ರಲ್ಲಿ, ಸರ್ಕಾರವು ಜಲಸಂವರ್ಧನ ಯೋಜನಾ ಸಂಘವನ್ನು ಏರ್ಪಡಿಸಿ, ಕೆರೆಗಳನ್ನು ಬಳಕೆದಾರರ ಸಂಘಗಳಿಗೆ ಒಪ್ಪಿಸುವುದಕ್ಕೆ ತೊಡಗಿದಾಗ, ತೂಬನ್ನು ಎತ್ತಿ ಸರದಿಯನ್ನು ನಡೆಸಬಲ್ಲವರು ಮತ್ತೆ ಬೇಕಾದರು. ಜನಗಣತಿಯ ಪ್ರಾಥಮಿಕ ಸಾರಾಂಶದಲ್ಲಿ, 2011ರಲ್ಲಿಯೂ, ದುಡಿಯುವವರಿಗೆ ಇರುವುದು ನಾಲ್ಕೇ ಕಲಂ: ಬೇಸಾಯಗಾರರು, ಬೇಸಾಯದ ಕೂಲಿಗಳು, ಗೃಹಕೈಗಾರಿಕೆಯವರು, ಇತರರು. ಬಾಹ್ಯಾಕಾಶಕ್ಕೆ ನೌಕೆಯನ್ನು ಕಳುಹಿಸುವ ವಿಜ್ಞಾನಿಯೂ, ಅವನ ಕಛೇರಿಯ ಮುಂದೆ ಕಾಫಿ ಮಾರುವವನೂ ಇರುವುದು ನಾಲ್ಕನೆಯದರಲ್ಲಿ. ನೀರುಗಂಟಿಗೆ ತುಂಡು ಗದ್ದೆಯೇನಾದರೂ ಇದ್ದು ಅದೇ ಅವನ ಮುಖ್ಯ ಜೀವನವಾಗಿದ್ದರೆ ಅವನು ಇರುವುದು ಮೊದಲನೆಯದರಲ್ಲಿ.